ಆ ಮೂವತ್ತು ಅಂಕ

ಟೆಕ್ಸಾಸ್‌ನಲ್ಲಿ ಮನೆ, ಅಂಗಡಿ, ಕಾರುಗಳ ವಿಮೆ ಮಾರಬೇಕೆಂದರೆ ರಾಜ್ಯದ ಲೈಸೆನ್ಸ್ ಇರಲೇಬೇಕು. ಅದಕ್ಕೆ ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆ ಮುಗಿಸಿ, ಪರೀಕ್ಷೆ ಪಾಸು ಮಾಡಬೇಕು. ತರಗತಿಯಲ್ಲಿ ಕೂರಲೇಬೇಕೆಂಬ ಕಡ್ಡಾಯ ಮಾತ್ರ ಅಲ್ಲಿಲ್ಲ. ನ್ಯೂಯಾರ್ಕ್‌ನಲ್ಲಾದರೆ 90 ಗಂಟೆ ಪಾಠ ಕೇಳಬೇಕು, ಫ್ಲಾರಿಡಾದಲ್ಲಿ ಸಾಮಾನ್ಯವಾಗಿ 200 ಗಂಟೆ. ವಿಮೆಯ ಉಸ್ತುವಾರಿಯನ್ನು 1945ರ ಮೆಕ್‌ಕ್ಯಾರನ್-ಫರ್ಗೂಸನ್ ಕಾಯ್ದೆ ರಾಜ್ಯಗಳ ಕೈಗೇ ಬಿಟ್ಟಿರುವುದರಿಂದ ಒಂದೇ ಕೆಲಸಕ್ಕೆ ಊರಿಗೊಂದು ಕಟ್ಟಳೆ.

ಟೆಕ್ಸಾಸ್‌ನಲ್ಲಿ ಪಾಸಾಗಲು 70 ಅಂಕ ಸಾಕು. ಉಳಿದ ಮೂವತ್ತು ಹೋದರೂ ಪ್ರಮಾಣಪತ್ರದ ಮೇಲೆ ಅದರ ಗುರುತು ಇರುವುದಿಲ್ಲ. ನನ್ನನ್ನು ಕಾಡುವುದು ಆ ಮೂವತ್ತೇ. ಏಜೆಂಟ್ ಬಿಟ್ಟುಬಂದ ಪಾಠಕ್ಕೆ ದಂಡ ತೆರುವವನು ಗಿರಾಕಿ ತಾನೆ?

ಓದುವವರ ರೀತಿ ಎಲ್ಲ ಕಡೆ ಒಂದೇ. ಹಗಲು ಬೇರೆ ಕೆಲಸ, ರಾತ್ರಿ ಮೊಬೈಲ್‌ನಲ್ಲಿ ಮಾದರಿ ಪ್ರಶ್ನೆ. ಬಹು ಆಯ್ಕೆಯ ಪ್ರಶ್ನೆಗಳಾದ್ದರಿಂದ ಉತ್ತರದ ಮುಖಪರಿಚಯವಾದರೆ ಸಾಕು ಎಂಬ ಧೈರ್ಯ ಬೇರೆ. ‘ಇವುಗಳಲ್ಲಿ ಯಾವುದಕ್ಕೆ ಪರಿಹಾರ ಸಿಗುವುದಿಲ್ಲ’ ಎಂಬ ಪ್ರಶ್ನೆಯಲ್ಲಿ ‘ಇಲ್ಲ’ವನ್ನು ನೋಡದೆ ಮುಂದೆ ಓಡಿ ಅಂಕ ಕಳೆದುಕೊಳ್ಳುವವರು ಬೇಕಾದಷ್ಟು. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಯಿಪಾಠಕ್ಕೆ ಬಗ್ಗದ ಒಂದು ಲೆಕ್ಕ ಆ ಪಠ್ಯದಲ್ಲಿದೆ, ಕೋಇನ್ಶೂರೆನ್ಸ್ ಎನ್ನುತ್ತಾರೆ. ಒಂದು ಅಂಗಡಿ ಕಟ್ಟಡದ ಬೆಲೆ 5 ಲಕ್ಷ ಡಾಲರ್ ಎನ್ನಿ. ಅದರ ಶೇ 80ರಷ್ಟಕ್ಕೆ, ಅಂದರೆ 4 ಲಕ್ಷಕ್ಕೆ ವಿಮೆ ಇರಬೇಕು ಎಂದು ಪಾಲಿಸಿಯ ಷರತ್ತು. ಮಾಲೀಕ ಕಂತು ಉಳಿಸಲು 3 ಲಕ್ಷಕ್ಕೆ ಮಾತ್ರ ಮಾಡಿಸಿದ್ದಾನೆ. ಬೆಂಕಿ ಬಿದ್ದು 1 ಲಕ್ಷ ಡಾಲರ್ ಹಾನಿಯಾಯಿತು. 3 ಲಕ್ಷದ ವಿಮೆ ಇದೆ, 1 ಲಕ್ಷ ಬಂದೇ ಬರುತ್ತದೆ ಎಂದು ಅವನು ನಂಬಿದ್ದಾನೆ. ಬರುವುದು 75 ಸಾವಿರ. ಇರಬೇಕಾದ ವಿಮೆಯ ಮುಕ್ಕಾಲು ಪಾಲಷ್ಟೇ ಇತ್ತು, ಹಾಗಾಗಿ ಹಾನಿಯಲ್ಲೂ ಮುಕ್ಕಾಲು ಪಾಲಷ್ಟೇ. ಆಮೇಲೆ ಅವನೇ ಭರಿಸಬೇಕಾದ ಡಿಡಕ್ಟಿಬಲ್ ಮೊತ್ತವೂ ಅದರಲ್ಲಿ ಕಳೆಯುತ್ತದೆ. ಪರೀಕ್ಷೆಯಲ್ಲಿ ಇದು ಒಂದೆರಡು ಅಂಕದ ಪ್ರಶ್ನೆ. ಕಷ್ಟವೆನಿಸಿದರೆ ಬಿಟ್ಟು ಮುಂದೆ ಹೋಗಿ ಎಂದು ಸಲಹೆ ಕೊಡುವವರೂ ಇದ್ದಾರೆ. ಇದನ್ನು ಬಿಟ್ಟು ಪಾಸಾದವನು ನಾಳೆ ಅದೇ ಅಂಗಡಿಯವನೆದುರು ಕೂತು, ‘3 ಲಕ್ಷಕ್ಕೆ ಮಾಡಿಸಿದರೆ ಕಂತು ಕಡಿಮೆಯಾಗುತ್ತದೆ ಸಾರ್’ ಎನ್ನುತ್ತಾನೆ. ಮೋಸದಿಂದಲ್ಲ, ತಿಳಿಯದೆ.

ಅದಕ್ಕಿಂತ ದುಬಾರಿಯಾದ ಪಾಠ ನೀರಿನದು. ಅಮೆರಿಕದ ಸಾಮಾನ್ಯ ಮನೆ ವಿಮೆಯಲ್ಲಿ ಪೈಪು ಇದ್ದಕ್ಕಿದ್ದಂತೆ ಒಡೆದು ಮನೆ ನೆನೆದರೆ ಪರಿಹಾರ ಉಂಟು. ಮಳೆ ಸುರಿದು, ಹಳ್ಳ ಉಕ್ಕಿ ನೀರು ಹೊಸ್ತಿಲು ದಾಟಿದರೆ ಇಲ್ಲ. ಹಾಳಾದ ನೆಲಹಾಸು ಅದೇ, ಸೋಫಾ ಅದೇ. ನೀರು ಎಲ್ಲಿಂದ ಬಂತು ಎಂಬುದರ ಮೇಲೆ ದುಡ್ಡು. ಪ್ರವಾಹಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಅದಕ್ಕೆಂದೇ ಕೇಂದ್ರ ಸರ್ಕಾರದ ಯೋಜನೆಯೊಂದು 1968ರಿಂದ ಇದೆ. ಮನೆ ಕಟ್ಟಡಕ್ಕೆ ಹೆಚ್ಚೆಂದರೆ 2.5 ಲಕ್ಷ ಡಾಲರ್, ಒಳಗಿನ ಸಾಮಾನಿಗೆ 1 ಲಕ್ಷ. ಟೆಕ್ಸಾಸ್‌ನ ಕರಾವಳಿ ಜಿಲ್ಲೆಗಳಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಅಲ್ಲಿ ಎಷ್ಟೋ ಮನೆ ಪಾಲಿಸಿಗಳು ಬಿರುಗಾಳಿಯನ್ನೂ ಹೊರಗಿಡುತ್ತವೆ. ಅಂಥವರಿಗಾಗಿ 1971ರಲ್ಲಿ ಟೆಕ್ಸಾಸ್ ಬಿರುಗಾಳಿ ವಿಮಾ ಸಂಘ ಹುಟ್ಟಿಕೊಂಡಿತು. ಹೀಗಾಗಿ ಕಡಲ ಬದಿಯ ಒಂದೇ ಮನೆಗೆ ಬೆಂಕಿ-ಕಳವಿಗೊಂದು, ಗಾಳಿಗೊಂದು, ನೀರಿಗೊಂದು ಎಂದು ಮೂರು ಪಾಲಿಸಿ ಬೇಕಾಗುವುದುಂಟು. ಚಂಡಮಾರುತವೋ, ಗಾಳಿ ನೀರು ಎರಡನ್ನೂ ಒಟ್ಟಿಗೇ ತರುತ್ತದೆ! ಚಾವಣಿ ಹಾರಿಸಿದ್ದು ಯಾವುದು, ಗೋಡೆ ಕೆಡವಿದ್ದು ಯಾವುದು ಎಂಬ ವ್ಯಾಜ್ಯ 2005ರ ಕತ್ರಿನಾ ನಂತರ ವರ್ಷಗಟ್ಟಲೆ ಕೋರ್ಟುಗಳಲ್ಲಿ ಎಳೆಯಿತು.

2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಪ್ರವಾಹ ವಿಮೆಯೇ ಇರಲಿಲ್ಲ. ನಕ್ಷೆಯಲ್ಲಿ ಗುರುತಿಸಿದ ಪ್ರವಾಹ ವಲಯದ ಆಚೆ ಇದ್ದವರೇ ಹೆಚ್ಚು. ಹಾಗಾಗಿ ಸಾಲ ಕೊಟ್ಟ ಬ್ಯಾಂಕ್ ಕೇಳಲಿಲ್ಲ, ಇವರು ಮಾಡಿಸಲಿಲ್ಲ. ಪಾಲಿಸಿ ಮಾರಿದವರು ಈ ಪಾಠವಿರುವ ಪರೀಕ್ಷೆ ಪಾಸಾಗಿಯೇ ಲೈಸೆನ್ಸ್ ಪಡೆದಿದ್ದವರು. ಅವರಲ್ಲಿ ಎಷ್ಟು ಮಂದಿ ಬಾಯಿಬಿಟ್ಟು ಹೇಳಿದ್ದರೋ, ಹೇಳಿದರೂ ಕೇಳಿಸಿಕೊಳ್ಳದ ಗಿರಾಕಿಗಳು ಎಷ್ಟು ಮಂದಿಯಿದ್ದರೋ. ತಪ್ಪನ್ನೆಲ್ಲ ಏಜೆಂಟರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮಾರುವವನಿಗೆ ಗೊತ್ತಿರಬೇಕಾದ ಮೊದಲ ಸಂಗತಿ ಪಾಲಿಸಿ ಏನು ಕೊಡುತ್ತದೆ ಎಂಬುದಲ್ಲ, ಏನು ಕೊಡುವುದಿಲ್ಲ ಎಂಬುದು. ಕೊಡುವುದನ್ನು ಕಂಪನಿಯ ಜಾಹೀರಾತೇ ಹೇಳುತ್ತದೆ. ಹೊರಗಿಟ್ಟದ್ದನ್ನು ಹೇಳಲೆಂದೇ ಲೈಸೆನ್ಸ್ ಪಡೆದ ಮನುಷ್ಯ ಬೇಕಾಗಿರುವುದು. ಈ ಪರೀಕ್ಷೆಗೆ ಓದುತ್ತಿರುವವರು ಹೊರಗಿಡುವಿಕೆಗಳ ಅಧ್ಯಾಯವನ್ನಾದರೂ ಅಂಕದ ಲೆಕ್ಕ ಬಿಟ್ಟು ಓದಲಿ.

ಹ್ಯೂಸ್ಟನ್ ಸುತ್ತಮುತ್ತ ಮನೆ ಕೊಂಡ ಮಕ್ಕಳು, ನೆಂಟರು ನಿಮಗಿದ್ದರೆ ಈ ವಾರ ಫೋನಿನಲ್ಲಿ ಒಂದು ಮಾತು ಕೇಳಿ: ಪ್ರವಾಹ ವಿಮೆ ಮಾಡಿಸಿದ್ದೀರಾ? ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗುತ್ತದೆ. ಸರ್ಕಾರಿ ಪ್ರವಾಹ ಪಾಲಿಸಿ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುವುದು. ಏಪ್ರಿಲ್ ಮುಗಿಯುವುದರೊಳಗೆ ಮಾಡಿಸಲು ಹೇಳಿ.