ಪಾದ್ರಿಯ ಲೆಕ್ಕ

ಹನ್ನೆರಡು ಹೋಳಿಗೆಯಿದ್ದರೆ ಪಂಕ್ತಿಯಲ್ಲಿ ಮೂವರಿರಲಿ, ನಾಲ್ವರಿರಲಿ, ಆರು ಜನರಿರಲಿ, ಪಾಲು ಸಲೀಸು. ಹದಿಮೂರಾದರೆ ಯಾರದೋ ಎಲೆಗೆ ಒಂದು ಹೆಚ್ಚು ಬೀಳಲೇಬೇಕು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಇಂಥ ಸಂಖ್ಯೆಗೆ ಅವಿಭಾಜ್ಯ ಎಂಬ ಹೆಸರನ್ನು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ಹದಿಮೂರರ ಮಾತು ಸುಲಭ. 23,05,84,30,09,21,36,93,951 ಅವಿಭಾಜ್ಯವೇ ಎಂದು ಕೇಳಿದರೆ?

ಅರವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದನ್ನು ಕಳೆದರೆ ಸಿಗುವ ಸಂಖ್ಯೆ ಇದು. ಪ್ಯಾರಿಸ್ಸಿನ ಸನ್ಯಾಸಿ ಮೆರ್ಸೆನ್ 1644ರಲ್ಲಿ ಈ ಬಗೆಯ ಅವಿಭಾಜ್ಯಗಳದೊಂದು ಪಟ್ಟಿ ಕೊಟ್ಟಿದ್ದರು. ದೊಡ್ಡ ವಿದ್ವಾಂಸರು, ಪಟ್ಟಿ ಇನ್ನೂರು ವರ್ಷಕ್ಕೂ ಮೀರಿ ನಿಂತಿತು. ಅದರಲ್ಲಿ 67 ಎರಡುಗಳದು ಇತ್ತು, 61 ಎರಡುಗಳದು ಇರಲಿಲ್ಲ. 1883ರಲ್ಲಿ ರಷ್ಯದ ಹಳ್ಳಿಯೊಂದರ ಪಾದ್ರಿ ಪೆರ್ವುಶಿನ್, ಗಣಕಯಂತ್ರಗಳಿಲ್ಲದ ಕಾಲದಲ್ಲಿ, 61ರದೂ ಅವಿಭಾಜ್ಯವೇ ಎಂದು ತೋರಿಸಿದರು. 67ರದು ಅಲ್ಲವೆಂದು ಫ್ರಾನ್ಸಿನ ಲ್ಯೂಕಾ ಮೊದಲೇ ಕಂಡುಕೊಂಡಿದ್ದರು. 1903ರಲ್ಲಿ ಅಮೆರಿಕದ ಕೋಲ್ ಅದರ ಅಪವರ್ತನಗಳನ್ನೇ ಬಿಡಿಸಿಟ್ಟರು. 67 ಎಂಬುದು 61ರ ಅಚ್ಚಿನ ದೋಷವಿರಬೇಕೆಂದು ಮೆರ್ಸೆನ್ ಪರ ವಾದಿಸಿದವರೂ ಉಂಟು. ಪಟ್ಟಿ ಪೂರ್ತಿ ಪರೀಕ್ಷೆಯಾಗುವ ಹೊತ್ತಿಗೆ ಐದು ತಪ್ಪು ಸಿಕ್ಕಿದ್ದವು. ಆದರೂ ಈ ಸಂಖ್ಯೆಗಳನ್ನು ಲೋಕ ಇಂದಿಗೂ ಗೌರವದಿಂದ ಮೆರ್ಸೆನ್ ಅವಿಭಾಜ್ಯಗಳೆಂದೇ ಕರೆಯುತ್ತದೆ.

ಪರೀಕ್ಷಿಸುವ ಬಗೆ ಬಲು ಚೆಂದ. ಲ್ಯೂಕಾ ಹಾಕಿದ ದಾರಿಯನ್ನು ಮುಂದೆ ಲೆಹ್ಮರ್ ಹಸನು ಮಾಡಿದರು. ಐದು ಎರಡುಗಳಿಂದ ಬರುವ 31ನ್ನು ತೆಗೆದುಕೊಳ್ಳಿ. ನಾಲ್ಕರಿಂದ ಆರಂಭ. ಅದರ ವರ್ಗದಿಂದ ಎರಡು ಕಳೆದರೆ 14. ಹದಿನಾಲ್ಕರ ವರ್ಗದಿಂದ ಎರಡು ಕಳೆದರೆ 194; 31ರಿಂದ ಭಾಗಿಸಿ, ಶೇಷ 8. ಎಂಟರ ವರ್ಗದಿಂದ ಎರಡು ಕಳೆದರೆ 62. ಈಗ ಶೇಷ ಸೊನ್ನೆ. ಮೂರನೆಯ ಹೆಜ್ಜೆಗೆ ಸೊನ್ನೆ ಬಂತು, 31 ಅವಿಭಾಜ್ಯ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಮಕ್ಕಳೊಡನೆ ಮಾಡಿನೋಡಬಹುದು. 61ಕ್ಕೆ ಇಂಥ ಐವತ್ತೊಂಬತ್ತು ಹೆಜ್ಜೆ ಬೇಕು.

2024ರಲ್ಲಿ ಸಿಕ್ಕ ಮೆರ್ಸೆನ್ ಅವಿಭಾಜ್ಯಕ್ಕೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳು. ಕಂಪ್ಯೂಟರ್ ಈ ಪರೀಕ್ಷೆ ಮುಗಿಸಿ ಹೌದೆಂದದ್ದು ಅಕ್ಟೋಬರ್ 12ರಂದು. ಬೇರೆ ಯಂತ್ರಗಳಲ್ಲಿ, ಬೇರೆ ತಂತ್ರಾಂಶಗಳಿಂದ ಮತ್ತೆ ಲೆಕ್ಕ ಹಾಕಿಸಿ, 21ರಂದು ಪ್ರಕಟಿಸಿದರು. ನಡುವಿನ ಆ ಒಂಬತ್ತು ದಿನಗಳ ತಾಳ್ಮೆ ನನಗೆ ಸಂಖ್ಯೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಯಾರಿಗೂ ಕೇಡಾಗದ ಒಂದು ಸಂಖ್ಯೆಗೇ ಇಷ್ಟು ಎಚ್ಚರ. ಸಕ್ಕರೆ ಕಾಯಿಲೆಗೆ ಈ ಕಷಾಯ ಸಾಕು, ಮಾತ್ರೆ ಬಿಡಿ ಎಂಬ ಸಂದೇಶವನ್ನೋ, ಹಿರಿಯರು ಕಳಿಸಿದ್ದೆಂಬ ಒಂದೇ ಗೌರವಕ್ಕೆ, ನಾವು ಓದಿದೊಡನೆ ಹತ್ತು ಮನೆಗೆ ದಾಟಿಸಿಬಿಡುತ್ತೇವೆ. ಚಿಕ್ಕಪ್ಪನೇ ಕಳಿಸಿರಲಿ, ಡಾಕ್ಟರರನ್ನು ಒಂದು ಮಾತು ಕೇಳಿದರೆ ಅವರಿಗೇನೂ ಅವಮಾನವಿಲ್ಲ. ಕೇಳಿ ತಿಳಿದದ್ದನ್ನು ಚಿಕ್ಕಪ್ಪನಿಗೂ ಫೋನು ಮಾಡಿ ಹೇಳಿದರಾಯಿತು. ಅವರೂ ಮಾತ್ರೆ ಬಿಟ್ಟಿದ್ದರೆ ಸಂಜೆಯಿಂದಲೇ ಮತ್ತೆ ತೆಗೆದುಕೊಂಡಾರು.