ಹೂವಿನ ಚಿತ್ರ ಮತ್ತು ಅನರ್ಥದಂಡ

ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಉತ್ತರದ ಕೋಣೆಗೆ ಒಂದು ದೊಡ್ಡ ಕಿಟಕಿಯಿದೆ. ಕಳೆದ ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗಳು ಆ ಕಿಟಕಿಯ ಬಳಿ ಒಂದು ಮಣೆ ಹಾಕಿ, ಅದರ ಮೇಲೆ ಹಿತ್ತಾಳೆಯ ಚೆಂಬಿನಲ್ಲಿ ಹೂಗಳನ್ನು ಇಟ್ಟು ಛಾಯಾಚಿತ್ರ ತೆಗೆಯುವ ಅಭ್ಯಾಸ ಆರಂಭಿಸಿದಳು. ಅವಳ ಈ ನಿರಪಾಯಕರವಾದ ಹವ್ಯಾಸ ನಮ್ಮ ಮನೆಯಲ್ಲಿ ಒಂದು ಧರ್ಮಜಿಜ್ಞಾಸೆಗೆ ಕಾರಣವಾದೀತೆಂದು ನಾನು ಎಣಿಸಿರಲಿಲ್ಲ. ನಿರಪಾಯಕರ ಎಂಬ ಮಾತನ್ನೇ ಈಗ ತೂಗಿ ನೋಡಬೇಕಾಗಿದೆ.

ಮೊದಲು ಅವಳ ಕೆಲಸದ ಕ್ರಮವನ್ನು ಹೇಳುತ್ತೇನೆ. ಹೂವಿನ ಎಸಳು ತೆಳುವಾದುದು. ನೇರ ಬಿಸಿಲಿನಲ್ಲಿ ಅದರ ಬಣ್ಣ ಬೆಳ್ಳಗಾಗಿ, ನೆರಳು ಕಪ್ಪಾಗಿ, ನಡುವಿನ ನವುರೆಲ್ಲ ಕಳೆದುಹೋಗುತ್ತದೆ. ಬೆಳಕು ಬರುವ ಜಾಗ ದೊಡ್ಡದಾಗಿದ್ದು, ವಸ್ತು ಅದಕ್ಕೆ ಹತ್ತಿರವಿದ್ದರೆ ನೆರಳಿನ ಅಂಚು ಮೃದುವಾಗುತ್ತದೆ. ಆದುದರಿಂದಲೇ ಕಿಟಕಿಯ ಬೆಳಕು ಹೂವಿಗೆ ಒಪ್ಪುತ್ತದೆ. ಉತ್ತರದ ಕಿಟಕಿಯೇ ಶ್ರೇಷ್ಠವೆಂದು ಪಾಶ್ಚಾತ್ಯರ ಪುಸ್ತಕಗಳು ಹೇಳುತ್ತವೆ. ಆದರೆ ಅದು ಅವರ ದೇಶದ ಮಾತು. ನಮ್ಮ ದಾವಣಗೆರೆಯಲ್ಲಿ ಮೇ ತಿಂಗಳಿನಿಂದ ಆಗಸ್ಟ್ ನಡುವಿನವರೆಗೆ ಸೂರ್ಯನು ನಡುನೆತ್ತಿಗಿಂತ ಉತ್ತರಕ್ಕೆ ಸರಿದಿರುವುದರಿಂದ ಬೆಳಗಿನ ಬಿಸಿಲು ಉತ್ತರದ ಕಿಟಕಿಯಲ್ಲಿಯೂ ಇಣುಕುತ್ತದೆ. ಹುಡುಗಿ ನನ್ನ ಹಳೆಯ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ ಆ ಬಿಸಿಲನ್ನು ಸೋಸಿದಳು. ನೆರಳಿನ ಮಗ್ಗುಲಿಗೆ ಒಂದು ಬಿಳಿಯ ರಟ್ಟನ್ನು ನಿಲ್ಲಿಸಿ ಸ್ವಲ್ಪ ಬೆಳಕನ್ನು ಹಿಂತಿರುಗಿಸಿದಳು. ಕೋಣೆಯ ದೀಪ ಆರಿಸಿದಳು. ಇಷ್ಟರಿಂದಲೇ ಬಂದ ಚಿತ್ರಗಳನ್ನು ಕಂಡು ನಾನು ಬೆರಗಾದೆ. ಹಿತ್ತಿಲಲ್ಲಿ ಇಪ್ಪತ್ತು ವರ್ಷಗಳಿಂದ ಕಂಡ ಗುಲಾಬಿಯನ್ನು ಅಂದು ಮೊದಲ ಬಾರಿಗೆ ನೋಡಿದಂತಾಯಿತು.

ಒಂದು ಬೆಳಿಗ್ಗೆ ಅವಳು ಹನ್ನೊಂದು ಗುಲಾಬಿಗಳನ್ನು ಕತ್ತರಿಸಿ ತಂದಳು. ಮೂರು ಚಿತ್ರಕ್ಕೆ ಬಂದವು. ಒಂದರ ಎಸಳಿಗೆ ಹುಳು ತಿಂದ ತೂತು, ಇನ್ನೊಂದರ ಅಂಚು ಬಾಡಿದೆ, ಮತ್ತೊಂದು ಅತಿಯಾಗಿ ಅರಳಿದೆ ಎಂಬ ಕಾರಣಗಳಿಂದ ಎಂಟು ಕಸದ ಬುಟ್ಟಿಗೆ ಹೋದವು. ಅಂದು ಚತುರ್ದಶಿ. ಅಷ್ಟಮಿ ಚತುರ್ದಶಿಗಳಂದು ಹಸಿರು ಮುಟ್ಟದ ವ್ರತ ನನ್ನ ಪತ್ನಿಯದು. ಅವಳು ಬುಟ್ಟಿಯಿಂದ ಒಂದು ಹೂವನ್ನೆತ್ತಿ, "ಪುಟ್ಟಿ, ಇವೇನು ತಪ್ಪು ಮಾಡಿದ್ವು?" ಎಂದು ಕೇಳಿದಳು. ಹುಡುಗಿಯೂ ಸುಮ್ಮನಿರುವವಳಲ್ಲ. "ಅಜ್ಜಿ, ನೀವು ದೇವರಿಗೆ ಅಂತ ದಿನಾ ಬುಟ್ಟಿ ತುಂಬ ಕೀಳ್ತೀರಲ್ಲ, ಅದಕ್ಕೇನು?" ಎಂದಳು. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಶ್ರಾವಕನು ಏಕೇಂದ್ರಿಯ ಜೀವಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾರ; ಬಿಡೆಂದು ಆಚಾರ್ಯರೂ ಅವನಿಗೆ ವಿಧಿಸಿಲ್ಲ. ಅನ್ನ ಬೇಯಿಸುವವನು, ಹೊಲ ಉಳುವವನು ಸ್ಥಾವರ ಜೀವಗಳನ್ನು ನೋಯಿಸಲೇಬೇಕು. ಆದರೆ ಆವಶ್ಯಕವಾದ ಅಲ್ಪ ಹಿಂಸೆಯನ್ನುಳಿದು ಮಿಕ್ಕ ಸ್ಥಾವರ ಹಿಂಸೆಯಿಂದಲೂ ಗೃಹಸ್ಥನು ಹಿಂದೆಗೆಯಬೇಕೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದು ಬಗೆಯಾಗಿ ವಿಂಗಡಿಸಿ, ಪ್ರಮಾದಚರ್ಯೆ ಎಂಬ ಬಗೆಯಲ್ಲಿ ನಿಷ್ಫಲವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಇವುಗಳ ಜೊತೆಗೆ ಗಿಡಮರಗಳನ್ನು ಕಡಿಯುವುದನ್ನೂ ಸೇರಿಸಿದ್ದಾರೆ. ಅಲ್ಲಿ ಮುಖ್ಯವಾದ ಪದ ನಿಷ್ಫಲ ಎಂಬುದು. ಹಾಗಾದರೆ ಪ್ರಶ್ನೆ ಇದು: ಚಿತ್ರವೆಂಬುದು ಒಂದು ಫಲವೇ?

ಹುಡುಗಿಯ ಎದುರು ಪ್ರಶ್ನೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ನ್ಯಾಯವಲ್ಲ. ಪೂಜೆಯ ಹೂವಿನ ವಿಷಯದಲ್ಲಿ ನಮ್ಮಲ್ಲೇ ಏಕಾಭಿಪ್ರಾಯವಿಲ್ಲ. ಕರ್ನಾಟಕದ ದಿಗಂಬರ ಬಸದಿಗಳಲ್ಲಿ ತಾಜಾ ಹೂವಿನ ಪೂಜೆ ನಡೆದುಬಂದಿದೆ. ಉತ್ತರದ ತೇರಾಪಂಥದ ದಿಗಂಬರರು ಕೇಸರಿ ಬಣ್ಣದ ಅಕ್ಕಿಯನ್ನೇ ಪುಷ್ಪವೆಂದು ಭಾವಿಸಿ ಅರ್ಪಿಸುತ್ತಾರೆ. ಶ್ವೇತಾಂಬರ ಮೂರ್ತಿಪೂಜಕರು ಹೂವೇರಿಸುತ್ತಾರೆ. ಆದರೆ ಎಸಳಿಗೆ ಸೂಜಿ ಚುಚ್ಚಬಾರದೆಂಬ ಎಚ್ಚರ ಅವರಲ್ಲಿದೆ. ಸ್ಥಾನಕವಾಸಿಗಳಿಗೆ ಮೂರ್ತಿಪೂಜೆಯೇ ಇಲ್ಲ. ವ್ಯಾಪಾರದ ಊರಾದ ದಾವಣಗೆರೆಯಲ್ಲಿ ಈ ಬೇರೆ ಬೇರೆ ಆಮ್ನಾಯಗಳವರು ಒಂದೇ ಬೀದಿಯಲ್ಲಿ ಬಾಳುತ್ತಿರುವಾಗ ಯಾರನ್ನೂ ನೋಯಿಸದೆ ಇಷ್ಟನ್ನು ಹೇಳಬಹುದು: ಹೂ ಕೀಳುವವರೂ ಕೀಳದವರೂ ಅದನ್ನು ಕೀಳುವುದು ಒಂದು ಜೀವಕ್ಕೆ ಸಂಬಂಧಿಸಿದ ಕ್ರಿಯೆ ಎಂಬುದನ್ನು ಒಪ್ಪಿಯೇ ತಮ್ಮ ತಮ್ಮ ನಿಲುವಿಗೆ ಬಂದಿದ್ದಾರೆ. ಮೊಮ್ಮಗಳ ಕತ್ತರಿಯಲ್ಲಿ ಆ ಒಪ್ಪಿಗೆ ಇರಲಿಲ್ಲ. ದಿನವೂ ಅಭ್ಯಾಸಬಲದಿಂದ ಕೀಳುವ ನಮ್ಮ ಕೈಯಲ್ಲಿ ಅದು ಎಷ್ಟು ಉಳಿದಿದೆ ಎಂಬುದು ಬೇರೆ ಮಾತು.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಕತ್ತರಿಸಿದ ಹೂವು ಆ ಕ್ಷಣವೇ ಸಾಯುವುದಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಅದು ಉಸಿರಾಡುತ್ತಲೇ ಇರುತ್ತದೆ, ದಂಟಿನಿಂದ ನೀರೆಳೆದುಕೊಳ್ಳುತ್ತದೆ, ಕೂಡಿಟ್ಟ ಸಕ್ಕರೆ ಮುಗಿದಂತೆ ಬಾಡುತ್ತದೆ. ಯಾವ ಘಳಿಗೆಯಲ್ಲಿ ಅದು ಸಚಿತ್ತದಿಂದ ಅಚಿತ್ತವಾಗುತ್ತದೆಂಬುದನ್ನು ಆಗಮಜ್ಞರಿಗೆ ಬಿಡುತ್ತೇನೆ. ಆದರೆ ಕಿಟಕಿಯ ಮೃದುವಾದ ಬೆಳಕಿನಲ್ಲಿ ನಾವು ತೆಗೆಯುವ ಚಿತ್ರ ಸಾಯುತ್ತಿರುವ ಒಂದು ಜೀವದ್ದು ಎಂಬುದು ನಿಶ್ಚಯ.

ಹಿಂದಿನ ಕಾಲದ ಛಾಯಾಚಿತ್ರ ಇದಕ್ಕಿಂತ ನಿರ್ದೋಷವಾಗಿತ್ತೆಂದು ಹಿರಿಯರು ಭಾವಿಸಬೇಕಾಗಿಲ್ಲ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬುವನು ಬೆಳ್ಳಿಯ ಲವಣಗಳನ್ನು ಜೆಲಾಟಿನ್‌ನಲ್ಲಿ ಬೆರೆಸುವ ವಿಧಾನವನ್ನು ಪ್ರಕಟಿಸಿದ ನಂತರ ಲೋಕದ ಫಿಲ್ಮುಗಳೆಲ್ಲ ಅದೇ ದಾರಿ ಹಿಡಿದವು. ಜೆಲಾಟಿನ್ ತಯಾರಾಗುವುದು ದನಗಳ ಮೂಳೆ ಮತ್ತು ಚರ್ಮದಿಂದ. ಆ ಜೆಲಾಟಿನ್‌ನ ಬೆಳಕು ಗ್ರಹಿಸುವ ಗುಣ ಹೆಚ್ಚುವುದಕ್ಕೆ ಸಾಸಿವೆ ಎಣ್ಣೆಯಲ್ಲಿರುವಂಥ ಒಂದು ಗಂಧಕದ ಸಂಯುಕ್ತವು ಕಾರಣವೆಂದು 1925ರಲ್ಲಿ ಕೊಡಾಕ್ ಸಂಸ್ಥೆಯ ವಿಜ್ಞಾನಿ ಶೆಪರ್ಡ್ ತಿಳಿಸಿದನು. ಹಸು ಮೇದ ಸೊಪ್ಪಿನ ಸತ್ವ ಅದರ ಮೂಳೆಯ ಮೂಲಕ ಫಿಲ್ಮಿಗೆ ಸೇರುತ್ತಿತ್ತು! ನಾನೂ ಯೌವನದಲ್ಲಿ ಒಂದು ಬಾಕ್ಸ್ ಕ್ಯಾಮೆರಾ ಹಿಡಿದು, ನಮ್ಮ ಬಸದಿಯ ಮಾನಸ್ತಂಭದ ಚಿತ್ರವನ್ನು ಇದೇ ಫಿಲ್ಮಿನ ಮೇಲೆ ತೆಗೆದವನು. ತಿಳಿಯದೆ ಮಾಡಿದೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಈ ಫಿಲ್ಮಿನ ಗೊಡವೆಯಿಲ್ಲ. ಆ ಮಟ್ಟಿಗೆ ಹುಡುಗಿಯ ಕೈ ನನ್ನ ಕೈಗಿಂತ ಶುದ್ಧ. ಆದರೆ ಫಿಲ್ಮಿಗೆ ಹಣ ತೆರಬೇಕಾಗಿದ್ದಾಗ ಒಂದು ಹೂವಿಗೆ ಒಂದೇ ಚಿತ್ರ. ಈಗ ಚಿತ್ರಕ್ಕೆ ಖರ್ಚಿಲ್ಲದ್ದರಿಂದ ಹೂವಿಗೂ ಲೆಕ್ಕವಿಲ್ಲ.

"ಹಿತ್ತಿಲಿನದು ಬೇಡ, ಕೊಂಡು ತರೋಣ, ಅವು ಹೇಗೂ ಕಿತ್ತ ಹೂಗಳಲ್ಲವೇ?" ಎಂದು ನನ್ನ ಮಗ ಒಂದು ಪರಿಹಾರ ಹೇಳಿದ. ಇದು ಬುದ್ಧಿವಂತರ ಪರಿಹಾರ, ವಿವೇಕಿಗಳದಲ್ಲ. ಕೃತ, ಕಾರಿತ, ಅನುಮತ ಎಂದು ಕರ್ಮದ ಬಾಗಿಲು ಮೂರು. ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವ ಹೂವಾಡಗಿತ್ತಿಯ ಸೇವಂತಿಗೆಗೆ ಹಣ ಕೊಡುವವನು ನಾಳೆಯ ಕೊಯ್ಲಿಗೆ ಹೇಳಿಕಳಿಸಿದಂತೆಯೇ ಸರಿ. ಮುಡಿಯುವುದಕ್ಕೆಂದು ಕೊಂಡ ಮೊಳದಲ್ಲಿ ಒಂದು ಹೂವನ್ನು ಕಿಟಕಿಯ ಬಳಿ ಇಟ್ಟರೆ ಅದು ಬೇರೆ. ಚಿತ್ರಕ್ಕೆಂದೇ ಒಂದು ಕಟ್ಟು ತರಿಸಿದರೆ ಅದು ಬೇರೆ.

ಶ್ರವಣಬೆಳಗೊಳದ ಜೈನಮಠಕ್ಕೆ ಹೋದವರು ಗೋಡೆಯ ವರ್ಣಚಿತ್ರಗಳಲ್ಲಿ ಷಡ್‌ಲೇಶ್ಯೆಗಳ ಮರವನ್ನು ನೋಡಿರಬಹುದು. ಒಬ್ಬ ಬುಡವನ್ನೇ ಕಡಿಯಲೆಣಿಸುತ್ತಾನೆ, ಮತ್ತೊಬ್ಬ ಕೊಂಬೆಯನ್ನು. ಕೊನೆಯವನು ತಾನಾಗಿ ಉದುರಿದ ಹಣ್ಣನ್ನು ಮಾತ್ರ ಆಯ್ದುಕೊಳ್ಳುತ್ತಾನೆ. ಹಸಿವು ಆರು ಮಂದಿಗೂ ಒಂದೇ. ನನ್ನ ಪತ್ನಿ ಮೊಮ್ಮಗಳಿಗೆ ಹೇಳಿದ್ದು ಈ ಕಥೆಯನ್ನೇ, ಬೈಗುಳವನ್ನಲ್ಲ. ಮರುದಿನ ಹುಡುಗಿ ಗುಲಾಬಿಯ ಗಿಡದ ಬುಡದಲ್ಲಿ ಉದುರಿದ್ದ ಎಸಳುಗಳನ್ನು ತಟ್ಟೆಯಲ್ಲಿ ತಂದಳು. ಚಿತ್ರ ಚೆನ್ನಾಗಿ ಬರಲಿಲ್ಲ ಎಂದು ಮುಖ ಊದಿಸಿಕೊಂಡಳು. ಸುಳ್ಳು ಹೇಳಲಾರೆ, ನನಗೂ ಮೊದಲಿನ ಮೂರು ಚಿತ್ರಗಳೇ ಚೆಲುವಾಗಿ ಕಂಡವು.

ಚೆಲುವಿನ ಆಸೆ ರಾಗವಲ್ಲವೇ, ಅದನ್ನೇ ಬಿಡಿಸಬಾರದೇ ಎಂದು ಕೇಳುವ ಕಟ್ಟುನಿಟ್ಟಿನ ಧರ್ಮಬಂಧುಗಳಿದ್ದಾರೆ. ಅವರಿಗೆ ಆದಿಪುರಾಣವನ್ನು ನೆನಪಿಸುತ್ತೇನೆ. ವಜ್ರದಂತ ಚಕ್ರವರ್ತಿಗೆ ತೋಟಗಾರನು ತಂದೊಪ್ಪಿಸಿದ್ದು ಕಿತ್ತ ಕಮಲವನ್ನೇ. ಅದರೊಳಗೆ ಗಂಧಕ್ಕೆ ಮರುಳಾಗಿ ಸತ್ತಿದ್ದ ದುಂಬಿಯನ್ನು ಕಂಡು ಅವನು ರಾಜ್ಯವನ್ನೇ ತೊರೆದ. 941ರಲ್ಲಿ ಪಂಪ ಕನ್ನಡಿಸಿದ ಕಥೆಯಲ್ಲಿ ಹೂವು ಕೇವಲ ಭೋಗವಸ್ತುವಲ್ಲ. ಚಕ್ರವರ್ತಿ ಕಮಲವನ್ನು ಮೂಸಿ ಪಕ್ಕಕ್ಕಿಟ್ಟಿದ್ದರೆ ದುಂಬಿ ಕಾಣುತ್ತಿರಲಿಲ್ಲ. ಅವನು ನೋಡಿದ. ನೋಡುವುದರಿಂದ ರಾಗವೂ ಹುಟ್ಟಬಹುದು, ವೈರಾಗ್ಯವೂ ಹುಟ್ಟಬಹುದು. ಆದುದರಿಂದ ಚಿತ್ರವು ಫಲವೇ ಅಲ್ಲವೆಂದು ನಾನು ಹೇಳಲಾರೆ. ಹನ್ನೊಂದನ್ನು ಕತ್ತರಿಸಿ ಎಂಟನ್ನು ಎಸೆಯುವಲ್ಲಿ ನೋಟವೇ ಇಲ್ಲ, ಆಯ್ಕೆ ಮಾತ್ರ ಇದೆ. ಅದು ಅನರ್ಥದಂಡವೆಂದು ಹೇಳಲು ನನಗೆ ಸಂಕೋಚವಿಲ್ಲ. ಹುಳು ತಿಂದ ತೂತಿನ ಗುಲಾಬಿಯನ್ನು ಆ ತೂತಿನೊಡನೆಯೇ ಬೆಳಕಿಗೆ ಹಿಡಿಯಬಹುದಿತ್ತು.

ದುಂಬಿಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೂವಿನೊಳಗೆ ಇರುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೀಟ ಇರುತ್ತವೆ. ಇವು ತ್ರಸಜೀವಗಳು, ಇವುಗಳ ವಿಷಯದಲ್ಲಿ ಅಣುವ್ರತಿಗೆ ವಿನಾಯಿತಿಯಿಲ್ಲ. ಕೋಣೆಗೆ ತರುವ ಮೊದಲು ಗಿಡದ ಬಳಿಯೇ ಹೂವನ್ನು ಮೆಲ್ಲಗೆ ತಟ್ಟಿ ಅವುಗಳನ್ನು ಬಿಡಬೇಕು. ಇಬ್ಬನಿಯಂತೆ ಕಾಣಲೆಂದು ಎಸಳಿನ ಮೇಲೆ ನೀರು ಸಿಂಪಡಿಸುವ ಪದ್ಧತಿ ಛಾಯಾಗ್ರಾಹಕರಲ್ಲಿದೆ. ಇಲ್ಲದ ಇಬ್ಬನಿಯನ್ನು ಇದೆಯೆಂದು ತೋರಿಸುವ ಈ ಆಡಂಬರ ಯಾರಿಗೂ ಬೇಡ.

ಬಸದಿಗಳ ಟ್ರಸ್ಟಿನವರಲ್ಲಿಯೂ ಒಂದು ವಿನಂತಿ. ಪಂಚಕಲ್ಯಾಣ, ಮಹಾವೀರ ಜಯಂತಿಗಳಲ್ಲಿ ವೇದಿಕೆಯ ಹಿಂಬದಿಗೆ ಹೂವಿನ ಗೋಡೆ ಕಟ್ಟಿಸುವ ಪದ್ಧತಿ ಬೆಳೆಯುತ್ತಿದೆ. ಅದು ಜಿನಬಿಂಬಕ್ಕೆ ಅರ್ಪಿತವಾದ ಹೂವಲ್ಲ. ಗಣ್ಯರ ಚಿತ್ರ ಚೆನ್ನಾಗಿ ಬರಲೆಂದು ಕಟ್ಟಿದ್ದು. ಮರುದಿನ ಗಾಡಿಯಲ್ಲಿ ಹೊರಗೆ ಹೋಗುತ್ತದೆ. ನಮ್ಮ ಮನೆಯ ಎಂಟು ಗುಲಾಬಿಗೆ ಅಜ್ಜಿ ಕೇಳಿದ ಪ್ರಶ್ನೆಯನ್ನು ಆ ಗಾಡಿಯ ಮುಂದೆ ಯಾರು ಕೇಳಬೇಕು? ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಜಾಗವಿದ್ದರೆ ಸಾಕು.

ರಜೆ ಮುಗಿಯುವ ವಾರದಲ್ಲಿ ಹುಡುಗಿ ಅಜ್ಜಿಯ ಮುಡಿಯ ಹೂವಿನಿಂದ ಒಂದೇ ಒಂದು ಹಳದಿ ಸೇವಂತಿಗೆಯನ್ನು ಕೇಳಿ ಪಡೆದಳು. ಏಳು ದಿನ ಅದೇ ಕಿಟಕಿ, ಅದೇ ಮಣೆ, ಅದೇ ಪಂಚೆ. ದಿನಕ್ಕೊಂದು ಚಿತ್ರ. ನಾಲ್ಕನೆಯ ದಿನ ಅಂಚು ಕಂದಿತು. ಏಳನೆಯ ದಿನ ಎಸಳುಗಳು ಒಳಕ್ಕೆ ಮುದುಡಿ ಬಣ್ಣ ಕಾವಿಗೆ ತಿರುಗಿತು. ಏಳನ್ನೂ ಮುದ್ರಿಸಿ ಕಳುಹಿಸಿದ್ದಾಳೆ. ನನ್ನ ಪತ್ನಿ ಅವುಗಳಲ್ಲಿ ಕೊನೆಯದನ್ನು ಆರಿಸಿ ತನ್ನ ಸ್ವಾಧ್ಯಾಯದ ಪುಸ್ತಕದಲ್ಲಿ ಇಟ್ಟುಕೊಂಡಳು. ಬೆಳಿಗ್ಗೆ ಪೂಜೆಗೆ ಹೂ ಕೀಳುವುದನ್ನು ಅವಳು ಬಿಟ್ಟಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ.