ಹೊಗೆ ಕಾಣದ ಬೆಂಕಿ

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನಬಹುದು. ನ್ಯಾಯದರ್ಶನದಲ್ಲಿ ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಪ್ರಮಾಣದ, ಮೊದಲ ಪಾಠವೇ ಇದು. ಆದರೆ ಇದನ್ನು ತಿರುಗಿಸಿ, ಹೊಗೆ ಕಾಣಲಿಲ್ಲ, ಹಾಗಾಗಿ ಬೆಂಕಿಯಿಲ್ಲ ಎಂದರೆ ತರ್ಕ ಕೆಟ್ಟಿತು. 17ನೇ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ದಲ್ಲಿ ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಾನೆ. ಮುಟ್ಟಿದರೆ ಕೈ ಸುಡುತ್ತದೆ, ಹೊಗೆಯ ಸುಳಿವೇ ಇಲ್ಲ. ಹೊಗೆ ಏಳಬೇಕಾದರೆ ಬೆಂಕಿಗೆ ಹಸಿ ಸೌದೆ ತಾಗಬೇಕು. ಮರೆಯಲ್ಲಿರುವ ಇಂಥ ಷರತ್ತನ್ನು ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ‘ಉಪಾಧಿ’ ಎನ್ನುತ್ತಾರೆ.

ನಮ್ಮ ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ವರ್ಷಗಟ್ಟಲೆ ನೋವು ತಿನ್ನುತ್ತಿರುವವರ ವಿಷಯದಲ್ಲಿ ನಾವು ಎಡವುವುದು ಇಲ್ಲೇ. ನರಳಾಟ, ಕಣ್ಣೀರು, ಪಟ್ಟಿ ಕಟ್ಟಿದ ಕೈ, ಇವೆಲ್ಲ ಹೊಸ ನೋವಿನ ಹೊಗೆ. ಮೂರು ತಿಂಗಳು ದಾಟಿದ್ದನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಹಸಿ ಸೌದೆ ಮುಗಿದಿರುತ್ತದೆ. ಎಷ್ಟು ಅಂತ ನರಳುವುದು? ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮುಂದೆ ಬಗ್ಗಿ ಕೂರುವವಳು ನರಳುತ್ತಿದ್ದರೆ ಟಾರ್ಗೆಟ್ ಮುಗಿಯುವುದಿಲ್ಲ. “ನಿಂದು ಯಾವಾಗ್ಲೂ ಇದ್ದಿದ್ದೇ” ಅನ್ನಿಸಿಕೊಂಡ ಮೇಲೆ ಮನೆಯಲ್ಲೂ ಬಾಯಿ ಬಿಡುವುದಿಲ್ಲ.

ಹಾಗಾದರೆ ಕಾಣುವುದೇನು? ಸೊಂಟದವರೆಗೆ ಜಡೆಯಿದ್ದವರು ಇದ್ದಕ್ಕಿದ್ದಂತೆ ಕೂದಲು ಕತ್ತರಿಸಿಕೊಂಡು ಬರುತ್ತಾರೆ. “ಸ್ಟೈಲ್ ಜೋರಾಯ್ತು” ಎಂದು ನಾವು ರೇಗಿಸುತ್ತೇವೆ. ಜಡೆ ಹೆಣೆಯುವಷ್ಟು ಹೊತ್ತು ಕೈ ಎತ್ತಿ ಹಿಡಿಯಲು ಭುಜ ಬಿಡುತ್ತಿಲ್ಲ, ಅಷ್ಟೆ. ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಗಳೆಲ್ಲ ಒಂದೊಂದಾಗಿ ಕಟ್ಟೆಗೆ ಇಳಿದಿರುತ್ತವೆ. ಸತ್ಯನಾರಾಯಣ ಪೂಜೆಯಲ್ಲಿ ಎಲ್ಲರೂ ಜಮಖಾನದ ಮೇಲೆ ಕೂತರೂ ಒಬ್ಬರು ಮಾತ್ರ ಗೋಡೆಗೊರಗಿ ನಿಂತೇ ಇರುತ್ತಾರೆ. ಕೂರುವುದೇನೋ ಆದೀತು, ಏಳುವುದು ಹೇಗೆ? ಮೆಟ್ರೊ ನಿಲ್ದಾಣದಲ್ಲಿ “ನೀವು ಹೋಗ್ತಿರಿ, ಬರ್ತೀನಿ” ಎಂದು ಹಿಂದುಳಿದವರು ಲಿಫ್ಟ್ ಹುಡುಕುತ್ತಿರುತ್ತಾರೆ. ಸಂಜೆಯಾದರೆ ಮಕ್ಕಳ ಮೇಲೆ ಸಿಡುಕು, ಕಡೇ ಗಳಿಗೆಯಲ್ಲಿ ತಪ್ಪಿಸಿದ ನಾಮಕರಣ, ಇವನ್ನಂತೂ ಸ್ವಭಾವದ ಖಾತೆಗೆ ಬರೆದುಬಿಡುತ್ತೇವೆ.

ಇಷ್ಟು ಓದಿ ಎದುರುಮನೆಯವರ ಮೇಲೆ ಪತ್ತೇದಾರಿಕೆ ಶುರುಮಾಡಬೇಡಿ. ಸೆಕೆಗೂ ಜನ ಕೂದಲು ಕತ್ತರಿಸಿಕೊಳ್ಳುತ್ತಾರೆ. ಈ ಗುರುತುಗಳು ವಿಚಾರಿಸಲು ಕಾರಣವಾಗಬಹುದೇ ಹೊರತು ತೀರ್ಮಾನಕ್ಕಲ್ಲ. ನೈಯಾಯಿಕರ ಪ್ರಕಾರ ಸುಖದುಃಖ ಅವರವರ ಮನಸ್ಸಿಗೆ ಮಾತ್ರ ಪ್ರತ್ಯಕ್ಷ. ಹೊರಗಿನವರಿಗೆ ಉಳಿದದ್ದು ಅನುಮಾನ, ಇಲ್ಲವೇ ಶಬ್ದ, ಅಂದರೆ ಬಲ್ಲವರೂ ನಂಬತಕ್ಕವರೂ ಆಡಿದ ಮಾತು. ಮಿಷನ್ ಮುಂದೆ ಬಗ್ಗಿ ಕೂರುವವಳ ಸೊಂಟದ ಬಗ್ಗೆ ಅವಳಿಗಿಂತ ಬಲ್ಲವರು ಯಾರು? ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಟಿಪ್ಪಣಿಯಲ್ಲಿ ಹೇಳಿದ್ದೂ ಇದನ್ನೇ: ನೋವಿದೆ ಎಂದವರ ಮಾತನ್ನು ಗೌರವಿಸಬೇಕು, ಹೇಳಲಾಗದವರಿಗೆ ನೋವೇ ಇಲ್ಲ ಎಂದುಕೊಳ್ಳಕೂಡದು. ಎಕ್ಸ್‌ರೇ ನಾರ್ಮಲ್ ಬಂತು ಎಂದರೆ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ.

“ನೋಡೋಕೆ ಚೆನ್ನಾಗೇ ಇದ್ದೀರಲ್ಲ” ಎನ್ನುವುದನ್ನು ದಯವಿಟ್ಟು ಬಿಡಿ. “ಇವತ್ತು ನೋವು ಹೇಗಿದೆ?” ಎಂದು ಕೇಳಿ, ಹೇಳಿದ್ದನ್ನು ನಂಬಿ. ಮುಂದಿನ ಪೂಜೆಗೆ ಯಾರೂ ಕೇಳುವ ಮೊದಲೇ ನಾಲ್ಕು ಕುರ್ಚಿ ಹಾಕಿಸಿ.